ಫಟಫಟಿಯ ಒಡೆತನ

ಹೊಸ ವಸ್ತುವೊಂದು ನಾಡಿಗೆ ಬಂದಾಗ ಭಾಷೆಯು ಅದನ್ನು ಬರಮಾಡಿಕೊಳ್ಳುವ ಬಗೆಗಳು ಹಲವು. ಕೆಲವು ವಸ್ತುಗಳು ತಮ್ಮ ಹೆಸರನ್ನು ತಾವೇ ಹೊತ್ತು ತರುತ್ತವೆ. ಕೆಲವಕ್ಕೆ ಪಂಡಿತರು ಕೋಶ ನೋಡಿ ಹೆಸರಿಡುತ್ತಾರೆ. ಇನ್ನು ಕೆಲವಕ್ಕೆ ಅವು ಮಾಡುವ ಸದ್ದೇ ಹೆಸರಾಗಿ ನಿಲ್ಲುತ್ತದೆ. ಮೋಟಾರು ಸೈಕಲ್ಲು ಈ ಮೂರನೆಯ ಜಾತಿಗೆ ಸೇರಿದುದು. 'ದ್ವಿಚಕ್ರ ವಾಹನ'ವೆಂಬ ಗಂಭೀರ ನಾಮಧೇಯ ಕಚೇರಿಯ ಕಾಗದಗಳಲ್ಲಿ ಉಳಿದುಕೊಂಡಿತು. ನಮ್ಮ ಬೆಳಗಾವಿ ಸೀಮೆಯ ಹಳ್ಳಿಗಳಲ್ಲಿ ಹಿರಿಯರ ಬಾಯಲ್ಲಿ ಅದು ಇಂದಿಗೂ ಫಟಫಟಿಯೇ. ವ್ಯಾಕರಣಕಾರರು ಅನುಕರಣಾವ್ಯಯವೆಂದು ಗುರುತಿಸಿದ ದಗದಗ, ಸರಸರ, ಪಟಪಟಗಳ ಬಳಗದಿಂದ ಎದ್ದುಬಂದ ಈ ಮಾತು ಕಾಲಕ್ರಮದಲ್ಲಿ ನಾಮಪದವಾಯಿತು. ಅದರಲ್ಲಿ ತಯಾರಕರ ಹೆಸರಿಲ್ಲ, ಬೆಲೆಯ ಸೂಚನೆಯಿಲ್ಲ. ಬೀದಿಯಲ್ಲಿ ನಿಂತು ಕೇಳಿದವನ ಕಿವಿಯಷ್ಟೇ ಇದೆ.

ಕಾಗವಾಡ ತಾಲೂಕಿನ ಶೇಡಬಾಳವು ಬೆಳಗಾವಿಯಿಂದ ಮಿರಜಿಗೆ ಹೋಗುವ ರೈಲುದಾರಿಯ ಮೇಲಿನ ಊರು. ಕೃಷ್ಣೆಯ ಬಯಲು, ಕಬ್ಬಿನ ಪೈರು, ಹಳೆಯ ಜೈನ ಮನೆತನಗಳು, ಒಂದೇ ಅಂಗಳದಲ್ಲಿ ಬೆರೆಯುವ ಕನ್ನಡ ಮರಾಠಿಗಳು, ಇವು ಅದರ ಲಕ್ಷಣಗಳು. ಫಟಫಟಿ ಎಂಬ ಮಾತನ್ನು ಈ ಎರಡು ಭಾಷೆಗಳೂ ಜಗಳವಿಲ್ಲದೆ ಹಂಚಿಕೊಂಡಿವೆ. ಇಂಥ ಊರಿನ ಹಾದಿಯಲ್ಲಿ ಫಟಫಟಿಗಳೊಳಗೆಲ್ಲ ಮೈಕಟ್ಟಿನದಾದ ಅಮೇರಿಕೆಯ ಯಂತ್ರವೊಂದು ಸಾಗಿಹೋದರೆ ಮಕ್ಕಳು ಬೆನ್ನಟ್ಟುವುದೂ, ಹಿರಿಯರು ಕಟ್ಟೆಯಿಂದ ತಲೆಯೆತ್ತಿ ನೋಡುವುದೂ ಸಹಜ. ಅಂಥದೊಂದನ್ನು ಕೊಂಡು ಸಾಕುವುದೆಂದರೇನು ಎಂಬ ಪ್ರಶ್ನೆ ಮೇಲ್ನೋಟಕ್ಕೆ ಸಿರಿವಂತರ ಹವ್ಯಾಸಕ್ಕೆ ಸಂಬಂಧಿಸಿದ್ದೆಂದು ತೋರಬಹುದು. ವಿಚಾರಿಸಿ ನೋಡಿದರೆ ಅದು ಒಡೆತನವೆಂಬ ಮಾತಿನ ಅರ್ಥಕ್ಕೇ ಬಂದು ಮುಟ್ಟುತ್ತದೆ.

ಮೊದಲು ಯಂತ್ರದ ಸ್ವರೂಪವನ್ನು ನೋಡೋಣ. ನಮ್ಮ ರೈತರೂ ಶಿಕ್ಷಕರೂ ದಿನನಿತ್ಯ ಏರುವ ನೂರು ಸಿ.ಸಿ.ಯ ವಾಹನ ಸುಮಾರು ನೂರಾಹತ್ತು ಕಿಲೋಗ್ರಾಂ ತೂಗುತ್ತದೆ. ಹಾರ್ಲೆ-ಡೇವಿಡ್ಸನ್ನಿನ ದೊಡ್ಡ ಯಂತ್ರಗಳು ಮುನ್ನೂರು ಕಿಲೋಗ್ರಾಂ ತೂಗುವವು, ಅದನ್ನು ಮೀರುವವೂ ಉಂಟು. ಆಸನ ತಗ್ಗು, ಕಾಲುಗಳು ಮುಂದಕ್ಕೆ ಚಾಚಿರುತ್ತವೆ, ಕೈಗಳು ಅಗಲವಾದ ಹಿಡಿಕೆಗಳ ಮೇಲೆ ವಿಶ್ರಮಿಸುತ್ತವೆ. ಎರಡು ಸಿಲಿಂಡರುಗಳು ನಲವತ್ತೈದು ಅಂಶಗಳ ಕೋನದಲ್ಲಿ ಕವಲೊಡೆದು ನಿಂತಿರುತ್ತವೆ, ಆದರೆ ಅವೆರಡರ ದಂಡಗಳೂ ಕೂಡುವುದು ಒಂದೇ ಗೂಟಕ್ಕೆ. ಆದಕಾರಣ ಸಿಡಿತಗಳು ಸಮಾನ ಅಂತರದಲ್ಲಿ ಬರುವುದಿಲ್ಲ; ಒಂದು 315 ಅಂಶಗಳ ತರುವಾಯ, ಇನ್ನೊಂದು 405 ಅಂಶಗಳ ತರುವಾಯ. ಲಯದಲ್ಲಿ ಕುಂಟುತ್ತ, ಕುಂಟುವುದನ್ನೇ ತಾಳ ಮಾಡಿಕೊಂಡು ಸಾಗುವ ಆ ನಾದದ ಗುಟ್ಟು ಇಷ್ಟೇ. ಈ ಸದ್ದು ತಮ್ಮದೇ ಮುದ್ರೆಯೆಂದು 1994ರಲ್ಲಿ ಕಂಪನಿಯವರು ಅಮೇರಿಕೆಯಲ್ಲಿ ನೋಂದಣಿಗೆ ಅರ್ಜಿ ಹಾಕಿದರು. ಪ್ರತಿಸ್ಪರ್ಧಿಗಳು ಆಕ್ಷೇಪಿಸಿದರು. 2000ದಲ್ಲಿ ಅರ್ಜಿಯನ್ನು ಕೈಬಿಡಲಾಯಿತು. ಸದ್ದಿನ ಒಡೆತನಕ್ಕಾಗಿ ಅಲ್ಲಿ ವಕೀಲರು ಆರು ವರ್ಷ ವಾದಿಸಿದರು. ಇಲ್ಲಿ ನಮ್ಮ ಹಳ್ಳಿಗರು ಕಾಸು ಖರ್ಚಿಲ್ಲದೆ ಸದ್ದನ್ನೇ ಹೆಸರು ಮಾಡಿಕೊಂಡರು.

ಈ ಕಂಪನಿ ಹುಟ್ಟಿದುದು 1903ರಲ್ಲಿ, ವಿಸ್ಕಾನ್ಸಿನ್ ಪ್ರಾಂತದ ಮಿಲ್ವಾಕಿ ನಗರದಲ್ಲಿ, ಮನೆಯ ಹಿತ್ತಲಲ್ಲಿದ್ದ ಹತ್ತು ಅಡಿ ಅಗಲ, ಹದಿನೈದು ಅಡಿ ಉದ್ದದ ಮರದ ಗುಡಿಸಲಿನಲ್ಲಿ. ಅದೇ 1903ರಲ್ಲಿ ನಮ್ಮ ಬೆಳಗಾವಿಯಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರರು ಕಬ್ಬಿಣದ ನೇಗಿಲನ್ನು ಸಿದ್ಧಪಡಿಸುತ್ತಿದ್ದರೆಂಬುದನ್ನು ನಮ್ಮ ವಿದ್ಯಾರ್ಥಿಗಳು ನೆನಪಿಡಬೇಕು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅವರು 1888ರಲ್ಲಿ ಅಣ್ಣನೊಡನೆ ಬೆಳಗಾವಿಯಲ್ಲಿ ತೆರೆದುದು ಸೈಕಲ್ಲಿನ ಅಂಗಡಿ. ಪರದೇಶದ ಸೈಕಲ್ಲನ್ನು ಮಾರುವಲ್ಲಿಗೇ ಅವರು ನಿಲ್ಲಲಿಲ್ಲ. ಮೇವು ಕತ್ತರಿಸುವ ಯಂತ್ರ, ಬಳಿಕ ನೇಗಿಲು, ಹೀಗೆ ಮಾರುವ ಕೈ ಮಾಡುವ ಕೈಯಾಯಿತು. 1910ರಲ್ಲಿ ಕಾರಖಾನೆ ಔಂಧ ಸಂಸ್ಥಾನದ ಬಯಲಿಗೆ ಹೋಗಿ ಕಿರ್ಲೋಸ್ಕರವಾಡಿಯಾಯಿತು. ಬೆಳಗಾವಿಯಿಂದ ಅಲ್ಲಿಗೆ ಹೋಗುವ ರೈಲು ಇಂದಿಗೂ ಶೇಡಬಾಳವನ್ನೂ ಮಿರಜನ್ನೂ ಹಾಯ್ದೇ ಹೋಗಬೇಕು. ಚಕ್ರವನ್ನು ಕೊಂಡುಕೊಳ್ಳುವುದಕ್ಕೂ ಬಲ್ಲವನಾಗುವುದಕ್ಕೂ ಇರುವ ಅಂತರದ ಪಾಠ ನಮ್ಮ ರೈಲುದಾರಿಯ ಮೇಲೆಯೇ ಬರೆದಿದೆ.

ಅಮೇರಿಕೆಯ ಫಟಫಟಿ ಭರತಖಂಡದಲ್ಲಿ ನಿಜವಾಗಿ ನೆಲೆನಿಂತ ಕಥೆಯೂ ಇದೇ ಪಾಠವನ್ನು ಹೇಳುತ್ತದೆ. ಎರಡನೆಯ ಮಹಾಯುದ್ಧದ ಕಾಲಕ್ಕೆ ಹಾರ್ಲೆಯವರು 750 ಸಿ.ಸಿ.ಯ ಸೈನಿಕ ವಾಹನಗಳನ್ನು ಹತ್ತಿರಹತ್ತಿರ ತೊಂಬತ್ತು ಸಾವಿರದಷ್ಟು ತಯಾರಿಸಿದರು. ಮ್ಯಾಸಚೂಸೆಟ್ಸಿನ ಸ್ಪ್ರಿಂಗ್‌ಫೀಲ್ಡಿನಲ್ಲಿ 1901ರಲ್ಲಿ ಆರಂಭವಾದ 'ಇಂಡಿಯನ್' ಕಂಪನಿಯ ಯಂತ್ರಗಳೂ ಯುದ್ಧಕ್ಕೆ ಹೋದವು. ಕದನ ಮುಗಿದ ಮೇಲೆ ಇಲ್ಲಿ ಉಳಿದ ವಾಹನಗಳು ಹರಾಜಿಗೆ ಬಂದವು. ದೆಹಲಿಯ ಮಿಸ್ತ್ರಿಗಳು ಅವುಗಳ ಹಿಂಗಾಲಿ ತೆಗೆದರು, ಎರಡು ಗಾಲಿಯ ಗಾಡಿಯನ್ನು ಜೋಡಿಸಿದರು, ಮೇಲೆ ಬಟ್ಟೆಯ ಮಾಡು ಕಟ್ಟಿದರು. ಚಾಂದನಿ ಚೌಕಕ್ಕೂ ಕನಾಟ್ ಪ್ಲೇಸಿಗೂ ನಡುವೆ ಜನರನ್ನು ಹೊತ್ತು ತಿರುಗಿದ ಆ ವಾಹನಕ್ಕೆ ಅಲ್ಲಿಯ ಜನ ಇಟ್ಟ ಹೆಸರೂ ಫಟಫಟಿಯೇ! 1953ರಲ್ಲಿ ಸ್ಪ್ರಿಂಗ್‌ಫೀಲ್ಡಿನ ಕಾರಖಾನೆ ತಯಾರಿಕೆಯನ್ನು ನಿಲ್ಲಿಸಿತು. ದೆಹಲಿಯಲ್ಲಿ ಗಾಡಿಗಳು ನಿಲ್ಲಲಿಲ್ಲ. ಸವೆದ ಭಾಗಗಳನ್ನು ಮಿಸ್ತ್ರಿಗಳು ತಾವೇ ಕಡೆದು ಕೂಡಿಸಿದರು. ಮೂಲ ಯಂತ್ರ ಕೈಸೋತಾಗ ನೀರೆತ್ತುವ ಪಂಪಿಗೆ ಹಾಕುವಂಥ ಡೀಸೆಲ್ ಯಂತ್ರವನ್ನೇ ಕೂರಿಸಿದರು. 1998ರಲ್ಲಿ ಮಾಲಿನ್ಯದ ಕಾರಣದಿಂದ ನ್ಯಾಯಾಲಯದ ಆಜ್ಞೆ ಬಂದಾಗಲೇ ಅವು ಬೀದಿಯಿಂದ ಮರೆಯಾದುದು. ಐದು ದಶಕಗಳ ಆ ಬಾಳುವೆಗೆ ಆಧಾರ ತಯಾರಕರ ದಾಕ್ಷಿಣ್ಯವಲ್ಲ, ಬೀದಿಯ ಮಿಸ್ತ್ರಿಯ ಕೈ.

ಇಪ್ಪತ್ತೊಂದನೆಯ ಶತಮಾನದ ಆಗಮನವಾದರೋ ಬೇರೆ ಬಗೆಯದು. 2007ರಲ್ಲಿ ನಡೆದ ವ್ಯಾಪಾರ ಮಾತುಕತೆಯಲ್ಲಿ ನಮ್ಮ ಮಾವಿನ ಹಣ್ಣಿಗೆ ಅಮೇರಿಕೆ ಬಾಗಿಲು ತೆರೆಯಿತು. ಅವರ 800 ಸಿ.ಸಿ.ಗೆ ಮೇಲ್ಪಟ್ಟ ಮೋಟಾರು ಸೈಕಲ್ಲಿಗೆ ನಾವು ಬಾಗಿಲು ತೆರೆದೆವು. ಘಟ್ಟದಾಚೆ ಬೆಳೆದ ರತ್ನಾಗಿರಿಯ ಆಪೂಸು ಒಂದು ತಟ್ಟೆಯಲ್ಲಿ, ಮಿಲ್ವಾಕಿಯ ಉಕ್ಕು ಇನ್ನೊಂದು ತಟ್ಟೆಯಲ್ಲಿ! 2009ರಲ್ಲಿ ಕಂಪನಿಯ ಭಾರತೀಯ ಶಾಖೆ ಸ್ಥಾಪಿತವಾಯಿತು, 2010ರಲ್ಲಿ ಮಾರಾಟ ಆರಂಭವಾಯಿತು, 2011ರಲ್ಲಿ ಹರಿಯಾಣದ ಬಾವಲಿನಲ್ಲಿ ಬಿಡಿಭಾಗಗಳನ್ನು ಜೋಡಿಸುವ ಕೆಲಸ ನಡೆಯತೊಡಗಿತು. 2014ರಲ್ಲಿ 'ಸ್ಟ್ರೀಟ್ 750' ಹೊರಬಂದಾಗ ಮಧ್ಯಮ ವರ್ಗದ ತರುಣನಿಗೂ ಆಸೆ ಚಿಗುರಿತು. ಆಮದು ಸುಂಕದ ಬಗ್ಗೆ ಎರಡು ಸರ್ಕಾರಗಳ ನಡುವೆ ತಕರಾರು ಬೆಳೆದು, 2018ರಲ್ಲಿ ದೊಡ್ಡ ಯಂತ್ರಗಳ ಮೇಲಿನ ಸುಂಕ ಶೇಕಡಾ 75ರಿಂದ 50ಕ್ಕೆ ಇಳಿಯಿತು. ಇಷ್ಟಾಗಿಯೂ 2020ರ ಸೆಪ್ಟೆಂಬರದಲ್ಲಿ ಕಂಪನಿ ಇಲ್ಲಿಯ ತಯಾರಿಕೆಯನ್ನು ಮುಚ್ಚುವುದಾಗಿ ಸಾರಿತು. ಮರುತಿಂಗಳೇ ಹೀರೋ ಮೋಟೊಕಾರ್ಪ್‌ನೊಡನೆ ಒಪ್ಪಂದವಾಗಿ, ಮಾರಾಟ ಮತ್ತು ದುರಸ್ತಿಯ ಹೊಣೆ ಅವರ ಕೈಸೇರಿತು. 2023ರಲ್ಲಿ ಇಬ್ಬರೂ ಕೂಡಿ ಒಂದೇ ಸಿಲಿಂಡರಿನ, 440 ಸಿ.ಸಿ.ಯ ಹಗುರ ವಾಹನವನ್ನು ಹೊರತಂದರು. ಆದರೂ ಆ ಒಂದು ತಿಂಗಳ ಮಟ್ಟಿಗೆ, ಲಕ್ಷಗಟ್ಟಲೆ ಸುರಿದು ಕೊಂಡವನು ತನ್ನ ಸೊತ್ತನ್ನು ತಾನೇ ಅನಾಥದೃಷ್ಟಿಯಿಂದ ನೋಡುವಂತಾಯಿತು.

ಇನ್ನು ನಮ್ಮ ಊರಿನ ಹಾದಿಗೆ ಬರೋಣ. ಕಬ್ಬು ಅರೆಯುವ ಕಾಲದಲ್ಲಿ, ಉಗಾರದ ಸಕ್ಕರೆ ಕಾರಖಾನೆಯತ್ತ ಎರಡೆರಡು ಟ್ರೇಲರು ಎಳೆಯುವ ಟ್ರ್ಯಾಕ್ಟರುಗಳು ಸಾಲುಗಟ್ಟುತ್ತವೆ. ಅವುಗಳ ಹಿಂದೆ ಸಿಕ್ಕಿಕೊಂಡ ಅಮೇರಿಕೆಯ ಯಂತ್ರಕ್ಕೆ ಅದರ ಬಲವೇ ಶಿಕ್ಷೆ. ಎದುರುಗಾಳಿಯಿಂದ ತಂಪಾಗುವಂತೆ ರಚಿತವಾದ ಸಿಲಿಂಡರುಗಳು ಆಮೆನಡಿಗೆಯಲ್ಲಿ ಕಾದು, ಸವಾರನ ತೊಡೆಯನ್ನು ಬೇಯಿಸುತ್ತವೆ. ಹಿಂಗಾಲಿಯನ್ನು ತಿರುಗಿಸುವುದು ಸರಪಳಿಯಲ್ಲ, ಹಲ್ಲಿನ ಪಟ್ಟಿ; ಹೊಲದ ದಾರಿಯ ಹರಳು ಅದರೊಳಗೆ ಹೊಕ್ಕರೆ ಅಪಾಯ. ಎಂಜಿನ್ನಿಗೊಂದು, ಕ್ಲಚ್ಚಿನ ಕೋಶಕ್ಕೊಂದು, ಗೇರಿನ ಪೆಟ್ಟಿಗೆಗೊಂದು, ಹೀಗೆ ಮೂರು ಕಡೆ ಎಣ್ಣೆ ನೋಡಬೇಕು. ಇವೆಲ್ಲಕ್ಕಿಂತ ಸೂಕ್ಷ್ಮವಾದುದು ಇನ್ನೊಂದಿದೆ. ನಮ್ಮ ಗ್ಯಾರೇಜಿನ ಹುಡುಗನ ಪೆಟ್ಟಿಗೆಯಲ್ಲಿರುವ ಪಾನಾಗಳು ಹತ್ತು, ಹನ್ನೆರಡು, ಹದಿನಾಲ್ಕು ಮಿಲಿಮೀಟರಿನವು. ಆ ದೊಡ್ಡ ಯಂತ್ರದ ಬೋಲ್ಟುಗಳು ಬಹುಮಟ್ಟಿಗೆ ಇಂಚಿನ ಲೆಕ್ಕದವು. ಒತ್ತಾಯದಿಂದ ತಿರುವಿದರೆ ಬೋಲ್ಟಿನ ಮೂಲೆಗಳು ಸವೆದುಹೋಗುತ್ತವೆ. ಅಂದಮೇಲೆ ಊರಿನ ಅತ್ಯಂತ ಜಾಣ ಕೈಯೂ ಅದರ ಮುಂದೆ ಅಸಹಾಯಕವೇ.

ನಮ್ಮ ಭಾಗದ ಒಕ್ಕಲಿಗರಿಗೆ ಈ ವಿಷಯ ವಿವರಿಸಿ ಹೇಳಬೇಕಾಗಿಲ್ಲ. ಚಹದಂಗಡಿಯ ಮುಂದೆ ಅಂಥ ಯಂತ್ರವನ್ನು ನಿಲ್ಲಿಸಿದ ತರುಣನೊಬ್ಬನನ್ನು ವೃದ್ಧರೊಬ್ಬರು ಮಾತಾಡಿಸಿದುದನ್ನು ನಾನು ಕೇಳಿದ್ದೇನೆ.

"ಯಾಕ ತಮ್ಮಾ, ಲೀಟರಿಗೆ ಎಷ್ಟ ಓಡತೈತಿ?"

"ಹದಿನೆಂಟು, ಇಪ್ಪತ್ತರಿ ಕಾಕಾ."

"ಇರ್ಲಿ. ಕೆಟ್ಟರ ಯಾರ ನೋಡ್ತಾರ?"

"ಇಲ್ಲೆ ಯಾರೂ ಇಲ್ಲರಿ. ಪುಣೆಕ ಒಯ್ಯಬೇಕು."

"ಹಂಗಾರ ಅದು ನಿಂದಲ್ಲ ಬಿಡು, ಪುಣೆದವ್ರದ."

ತರುಣ ನಕ್ಕನು, ವೃದ್ಧರು ನಗಲಿಲ್ಲ. ಖಿಲಾರಿ ಎತ್ತುಗಳನ್ನು ಕಟ್ಟಿ ಬಲ್ಲ ಸೀಮೆ ಇದು. ಚಿಂಚಲಿಯ ಮಾಯಕ್ಕನ ಜಾತ್ರೆಗೆ ಬಂಡಿ ಹೂಡಿಕೊಂಡು ಹೋಗುವಾಗ ಎತ್ತಿನ ಕೋಡಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆ ಕಟ್ಟಿ ಮೆರೆಯುವುದರಲ್ಲಿ ನಮ್ಮವರಿಗೇನೂ ಸಂಕೋಚವಿಲ್ಲ. ಬೆಡಗನ್ನು ಪಾಪವೆಂದು ಇಲ್ಲಿ ಯಾರೂ ತಿಳಿದಿಲ್ಲ. ಆದರೆ ಮೆರೆಸುವವನು ಗೊರಸಿನ ಬಿರುಕನ್ನೂ, ಮೇವಿನ ಮೇಲಿನ ಅರುಚಿಯನ್ನೂ, ನಡುರಾತ್ರಿಯ ಉಬ್ಬಸವನ್ನೂ ಬಲ್ಲವನಾಗಿರಬೇಕೆಂಬುದು ಅಲಿಖಿತ ಶಾಸ್ತ್ರ. ಆ ಶಾಸ್ತ್ರವನ್ನೇ ವೃದ್ಧರು ಉಕ್ಕಿನ ಎತ್ತಿಗೂ ಅನ್ವಯಿಸಿದರು.

ಶೇಡಬಾಳಕ್ಕೆ ಒಡೆತನದ ಬಗ್ಗೆ ಇದಕ್ಕಿಂತ ಎತ್ತರದ ಉಪದೇಶವೂ ಪರಿಚಿತ. ಆಚಾರ್ಯ ವಿದ್ಯಾನಂದ ಮುನಿಗಳು 1925ರಲ್ಲಿ ಹುಟ್ಟಿದುದು ಇದೇ ಊರಿನಲ್ಲಿ. ದಿಗಂಬರ ಮುನಿಧರ್ಮದಂತೆ ವಾಹನವನ್ನು ತೊರೆದು ಕಾಲ್ನಡಿಗೆಯಲ್ಲೇ ದೇಶವನ್ನು ಸುತ್ತಿದ ಅವರು 2019ರಲ್ಲಿ ದೆಹಲಿಯಲ್ಲಿ ಕಾಲವಾದರು. ಅಪರಿಗ್ರಹವು ಮುನಿಗಳಿಗೆ ಮಹಾವ್ರತ. ಗೃಹಸ್ಥನಿಗೆ ಜೈನಶಾಸ್ತ್ರ ವಿಧಿಸುವುದು ಅಣುವ್ರತ, ಎಂದರೆ ಮಿತಿ. ಏನನ್ನೂ ಹೊಂದಬೇಡವೆಂದು ಅದು ಗೃಹಸ್ಥನಿಗೆ ಹೇಳುವುದಿಲ್ಲ. ಹೊಂದಿದುದಕ್ಕೆ ಎಲ್ಲೆ ಕಟ್ಟಿಕೋ ಎನ್ನುತ್ತದೆ. ಆ ಎಲ್ಲೆಯನ್ನು ಹಣದ ಮೊತ್ತದಿಂದ ಮಾತ್ರವೇ ಅಳೆಯಬೇಕೇ? ನನ್ನ ಆರೈಕೆ ಎಲ್ಲಿಯವರೆಗೆ ಸಲ್ಲುವುದೋ ಅಲ್ಲಿಯವರೆಗೇ ನನ್ನ ಒಡೆತನ ಎಂದು ಅಳೆಯುವುದೂ ಆ ಉಪದೇಶಕ್ಕೆ ಹೊರತಾಗಲಾರದೆಂದು ನನಗೆ ತೋರುತ್ತದೆ.

ಹೀಗೆಂದಮಾತ್ರಕ್ಕೆ ಸವಾರನ ಸುಖವನ್ನು ಅಲ್ಲಗಳೆಯುವುದು ಅರಸಿಕತೆಯಾದೀತು. ಅಥಣಿಯನ್ನು ಹಿಂದಿಕ್ಕಿ ವಿಜಯಪುರದತ್ತ ಹೊರಟಾಗ ಕಬ್ಬು ತೆಳುವಾಗುತ್ತ, ನೆಲ ಒಣಗುತ್ತ, ಬಯಲು ಬಾಯಿ ತೆರೆಯುತ್ತದೆ. ಹೊತ್ತು ಮೂಡುವ ಸಮಯದಲ್ಲಿ ಅಂಥ ಹಾದಿ ದೊರೆತರೆ ಆ ಭಾರವಾದ ಯಂತ್ರ ತನ್ನ ಗತಿಯನ್ನು ಕಂಡುಕೊಳ್ಳುತ್ತದೆ. ಕಾವು ಗಾಳಿಗೆ ಹಾರಿಹೋಗುತ್ತದೆ. ನಿಂತಲ್ಲಿ ಕುಂಟುತ್ತಿದ್ದ ನಾದ ಓಟದಲ್ಲಿ ಒಂದೇ ಎಳೆಯಾಗುತ್ತದೆ. ಅಲ್ಲಿ ಅವಸರವಿಲ್ಲ. ಬಲವಿದ್ದೂ ಅದನ್ನೆಲ್ಲ ವೆಚ್ಚಮಾಡದಿರುವುದೇ ಈ ಜಾತಿಯ ವಾಹನದ ರಸ. ಮೂರು ನೂರು ಕಿಲೋಗ್ರಾಂಗಳನ್ನು ಎರಡು ಬೆರಳುಗಳಿಂದ ತಡೆಯುವವನಿಗೆ, ವೇಗಕ್ಕಿಂತ ನಿಲ್ಲಿಸುವ ವಿದ್ಯೆಯೇ ದೊಡ್ಡದೆಂಬುದು ತಿಳಿದಿರಬೇಕು. ನಮ್ಮ ರಸ್ತೆಗಳಲ್ಲಿ ರಾತ್ರಿಯ ಹೊತ್ತು ದೀಪವಿಲ್ಲದೆ ನಿಂತ ಕಬ್ಬಿನ ಟ್ರೇಲರು ಎಷ್ಟು ಮನೆಗಳ ದೀಪವನ್ನು ಆರಿಸಿದೆಯೆಂಬುದನ್ನು ಈ ಭಾಗದ ಅಧ್ಯಾಪಕರೆಲ್ಲ ಬಲ್ಲರು; ತರಗತಿಯಲ್ಲಿ ಬರಿದಾದ ಬೆಂಚುಗಳು ಅದನ್ನು ಹೇಳುತ್ತವೆ.

ಆದುದರಿಂದ ಕೊಳ್ಳಬೇಡಿರೆಂದು ತರುಣರಿಗೆ ನಾನು ಹೇಳಲಾರೆ. ಆಸೆಯನ್ನು ಉಪದೇಶದಿಂದ ಗೆದ್ದವರು ಕಡಿಮೆ. ಹೇಳಬಹುದಾದುದು ಇಷ್ಟು. ಸಾಲದ ಕಾಗದಕ್ಕೆ ರುಜು ಹಾಕುವ ಮೊದಲು ಊರಿನ ಮಿಸ್ತ್ರಿಯನ್ನು ಜೊತೆಗೆ ಕರೆದುಕೊಂಡು ಹೋಗಿ ಆ ಯಂತ್ರವನ್ನು ತೋರಿಸಿರಿ. ವಾಹನದ ಮೈಗೆ ಹೊಳಪು ಕೊಡುವ ಸಾಮಗ್ರಿಗಿಂತ ಮುಂಚೆ ಇಂಚಿನ ಪಾನಾಗಳ ಒಂದು ಕಟ್ಟನ್ನು ತಂದು ಅವನ ಪೆಟ್ಟಿಗೆಗೆ ಹಾಕಿರಿ. ಎಣ್ಣೆ ಬದಲಿಸುವ ದಿನ ಅವನ ಪಕ್ಕದಲ್ಲಿ ಕುಳಿತು ಕೈಯನ್ನು ಮಸಿ ಮಾಡಿಕೊಳ್ಳಿರಿ. ನಮ್ಮ ಐ.ಟಿ.ಐ.ಗಳೂ ಪಾಲಿಟೆಕ್ನಿಕ್ಕುಗಳೂ ಇಂಥ ಯಂತ್ರವೊಂದನ್ನು ತಂದು ವಿದ್ಯಾರ್ಥಿಗಳಿಂದ ಬಿಚ್ಚಿಸಿ ಕೂಡಿಸಿದರೆ ಅದಕ್ಕೆ ತಗಲುವ ವೆಚ್ಚ ವ್ಯರ್ಥವಾಗದು. ಸೈಕಲ್ಲಿನ ಅಂಗಡಿಯಿಂದ ನೇಗಿಲಿನ ಕಾರಖಾನೆಗೆ ನಡೆದ ಜಿಲ್ಲೆ ಇದು. ಚಹದಂಗಡಿಯ ಮುಂದೆ ಮುಂದೊಮ್ಮೆ ವೃದ್ಧರು ಅದೇ ಪ್ರಶ್ನೆ ಕೇಳಿದಾಗ, "ಇಲ್ಲೇ ನೋಡ್ತಾರರಿ ಕಾಕಾ" ಎಂದು ಹೇಳಬಲ್ಲ ತರುಣನೇ ಆ ಫಟಫಟಿಯ ನಿಜವಾದ ಒಡೆಯ.