ಅಜ್ಜಿಗೆ ಮನೇಲೇ ಓಟು, ಮೊಮ್ಮಗನಿಗೆ ಬಸ್ ಚಾರ್ಜು!

2023ರ ವಿಧಾನಸಭಾ ಚುನಾವಣೆಯಲ್ಲಿ, ಅರ್ಜಿ ಕೊಟ್ಟ 80 ದಾಟಿದವರ ಮನೆಗೇ ಸಿಬ್ಬಂದಿ ಹೋಗಿ ಓಟು ಹಾಕಿಸಿಕೊಂಡರು. ಭೇಷ್! 2024ರ ಲೋಕಸಭೆಗೆ ಆ ವಯಸ್ಸು 85ಕ್ಕೇರಿತು, ಅದು ಬೇರೆ ಮಾತು.

ಬೆಂಗಳೂರಿನ ಅಂಗಡೀಲಿ ದುಡಿಯೋ ಮೊಮ್ಮಗನ ಗತಿ? ಮತದಾನದ ದಿನ ಸಂಬಳದ ರಜೆ ಕೊಡಲೇಬೇಕು ಎನ್ನುತ್ತದೆ ಕಾನೂನು (ಮಾಲೀಕರೇ, ಗಮನಿಸಿ). ಊರಿನ ಬಸ್ ಚಾರ್ಜು ಮಾತ್ರ ಅವನದೇ. ಸರ್ಕಾರಿ ಬಸ್ಸುಗಳೋ, ಎಷ್ಟೋ ಚುನಾವಣಾ ಕೆಲಸಕ್ಕೆ ಹೋಗಿರುತ್ತವೆ. ಅಭ್ಯರ್ಥಿ ಪುಕ್ಕಟೆ ಗಾಡಿ ಕಳಿಸಿದರೆ ಅದು ಚುನಾವಣಾ ಭ್ರಷ್ಟಾಚಾರ.

ವಿಧಾನಸಭೆ ಅಭ್ಯರ್ಥಿಯ ಖರ್ಚಿಗೆ 40 ಲಕ್ಷದ ಮಿತಿಯಿದೆ. ಪಕ್ಷದ ಖರ್ಚಿಗೆ? ಮಿತಿಯೇ ಇಲ್ಲ! 2018ರ ಚುನಾವಣೆಯಲ್ಲಿ ರಾಜ್ಯದಲ್ಲಿ ಹಿಡಿದ ನಗದು, ಹೆಂಡ, ಉಡುಗೊರೆ ಎಲ್ಲ ಸೇರಿ ಸುಮಾರು 83 ಕೋಟಿ. 2023ರಲ್ಲಿ 375 ಕೋಟಿ. ಇದು ಬರೀ ಸಿಕ್ಕಿಬಿದ್ದದ್ದು ಸ್ವಾಮಿ! ಪಕ್ಷಗಳ ಖರ್ಚಿಗೂ ಗೆರೆ ಎಳೆಯೋದು ಯಾವಾಗ?