ಕತ್ತಲೆಯ ಕೋಣೆಯಲ್ಲಿ ಬೆಳಕಿನ ಪರೀಕ್ಷೆ

ಕಣ್ಣಿನಿಂದ ಹೊರಟ ಕಿರಣಗಳು ವಸ್ತುವನ್ನು ಮುಟ್ಟುವುದರಿಂದಲೇ ನೋಟ ಲಭಿಸುವುದೆಂದು ಯೂಕ್ಲಿಡ್, ಟಾಲೆಮಿ ಮೊದಲಾದವರು ಬಗೆದಿದ್ದರು. ಸುಮಾರು 965ರಲ್ಲಿ ಬಸ್ರಾದಲ್ಲಿ ಜನಿಸಿ, ಫಾತಿಮೀ ಖಲೀಫರ ಕೈರೋವಿನಲ್ಲಿ ನೆಲಸಿದ ವಿದ್ವಾಂಸ ಇಬ್ನ್ ಅಲ್-ಹೈತಮನು ಇದನ್ನೊಪ್ಪಲಿಲ್ಲ. ಸೂರ್ಯನನ್ನು ದಿಟ್ಟಿಸಿದರೆ ಕಣ್ಣು ನೋಯುವುದೇಕೆ? (ವಾಚಕರು ಪರೀಕ್ಷಿಸಬಾರದು!) ಹೊರಗಿನ ಬೆಳಕು ಒಳಹೊಕ್ಕುದರಿಂದಲ್ಲವೆ?

ಆದರೆ ಎಲ್ಲ ಕಡೆಯ ಬೆಳಕೂ ಕಿರಿದಾದ ಪಾಪೆಯಲ್ಲಿ ಕಲಸಿಹೋಗುವುದಿಲ್ಲವೆ? ಇದನ್ನರಿಯಲು ಆತನು ಕತ್ತಲೆಯ ಕೋಣೆಯೊಂದರ ರಂಧ್ರದ ಹೊರಗೆ ಹಲವು ದೀಪಗಳನ್ನು ಬೇರೆಬೇರೆಯಾಗಿ ಇರಿಸಿದನು. ಒಳಗೋಡೆಯ ಮೇಲೆ ಅಷ್ಟೇ ಬೆಳಕಿನ ಚುಕ್ಕೆಗಳು ಮೂಡಿದುವು. ಒಂದು ದೀಪವನ್ನು ಮರೆಮಾಡಲು ಅದಕ್ಕೆ ಎದುರಾದ ಚುಕ್ಕೆಯೊಂದೇ ಅಳಿಯಿತು, ಉಳಿದುವು ಕದಲಲಿಲ್ಲ. ಒಂದೇ ರಂಧ್ರದಲ್ಲಿ ಹಾಯ್ದರೂ ಕಿರಣಗಳು ಬೆರೆಯದೆ ನೇರವಾಗಿ ಸಾಗಿದ್ದುವು!

ಬಿಂಬವು ಕಣ್ಣಿನ ಮಸೂರದಲ್ಲಿಯೇ ಮೂಡುವುದೆಂದು ಮಾತ್ರ ಆತನು ತಪ್ಪಾಗಿ ಎಣಿಸಿದ್ದನು. ಅದು ಅಕ್ಷಿಪಟಲದ ಮೇಲೆ, ತಲೆಕೆಳಗಾಗಿ ಮೂಡುವುದನ್ನು 1604ರಲ್ಲಿ ಕೆಪ್ಲರನು ತೋರಿಸಿದನು.