ಗಿರಾಕಿಯ ಗಡಿಯಾರ

ಜಗಳೂರು ಸೀಮೆಯಲ್ಲಿ ಮುಂಗಾರು ಹೇಳಿ ಕೇಳಿ ಬರುವುದಿಲ್ಲ. ಬಂದಾಗ ಸುತ್ತಲ ಹೊಲಕ್ಕೆಲ್ಲ ಒಟ್ಟಿಗೇ ಹದವಾಗುತ್ತದೆ. ಆ ಹದ ನಾಲ್ಕು ದಿನ ನಿಂತರೆ ಪುಣ್ಯ; ಗಾಳಿ ಎದ್ದರೆ ಅದಕ್ಕೂ ಮೊದಲೇ ಮೇಲ್ಮಣ್ಣು ಆರುತ್ತದೆ. ಮೆಕ್ಕೆಜೋಳವೋ ಶೇಂಗಾವೋ, ಬೀಜ ಅಷ್ಟರೊಳಗೆ ಮಣ್ಣು ಸೇರಬೇಕು. ಎತ್ತು ಮಾರಿಕೊಂಡವರು, ಸ್ವಂತ ಟ್ರ್ಯಾಕ್ಟರ್ ಇಲ್ಲದವರು ಬಾಡಿಗೆ ಗಾಡಿ ಹುಡುಕಿಕೊಂಡು ಓಡಾಡುವ ದಿನಗಳವು. ಸರ್ಕಾರ 2014–15ರಲ್ಲಿ ಹೋಬಳಿಗಳಲ್ಲಿ ಕೃಷಿ ಯಂತ್ರಧಾರೆ ಕೇಂದ್ರಗಳನ್ನು ಶುರು ಮಾಡಿದ್ದು ಇಂಥವರಿಗಾಗಿಯೇ.

ಲೆಕ್ಕಕ್ಕೆಂದು ಒಂದು ಬಾಡಿಗೆ ಕೇಂದ್ರವನ್ನು ಊಹಿಸಿಕೊಳ್ಳೋಣ. ಅಲ್ಲಿ ನಾಲ್ಕು ಟ್ರ್ಯಾಕ್ಟರುಗಳಿವೆ. ಒಂದೊಂದೂ ದಿನಕ್ಕೆ ಇಬ್ಬರ ಹೊಲ ಮುಗಿಸುತ್ತದೆ. ಮಳೆ ಬಿದ್ದ ಮರುದಿನ ಅರವತ್ತು ಮಂದಿ ರೈತರು ಹೆಸರು ಬರೆಸಿದರು. ದಿನಕ್ಕೆ ಎಂಟರಂತೆ ಎಂಟನೆಯ ದಿನಕ್ಕೆ ಎಲ್ಲರ ಕೆಲಸವೂ ಮುಗಿಯಿತು. ದರ ಹೇಳಿದಷ್ಟೇ, ಡ್ರೈವರ್ ಒಳ್ಳೆಯವನು, ಗಾಡಿ ಎಲ್ಲೂ ಕೆಟ್ಟು ನಿಲ್ಲಲಿಲ್ಲ. ಕೇಂದ್ರದ ಪುಸ್ತಕದಲ್ಲಿ ಅರವತ್ತಕ್ಕೆ ಅರವತ್ತು. ಆದರೆ ಹದ ಇದ್ದದ್ದು ನಾಲ್ಕೇ ದಿನ. ಹದದಲ್ಲಿ ಬಿತ್ತಿದವರು ಮೂವತ್ತೆರಡು ಮಂದಿ. ಉಳಿದ ಇಪ್ಪತ್ತೆಂಟು ಮಂದಿ ಒಣ ಮಣ್ಣಿಗೆ ಬೀಜ ಹಾಕಿ ಮತ್ತೊಂದು ಮಳೆಗೆ ಮುಗಿಲು ನೋಡುತ್ತಾ ಕುಳಿತರು. ಕೇಂದ್ರದವರು ಸುಳ್ಳು ಬರೆದಿಲ್ಲ. ಅವರು ನೋಡಿದ್ದು ತಮ್ಮ ಗಡಿಯಾರ, ರೈತ ನೋಡಿದ್ದು ಹೊಲದ ಗಡಿಯಾರ.

ವ್ಯಾಪಾರದ ಪುಸ್ತಕಗಳು ‘ಸೇವೆಯ ಗುಣಮಟ್ಟ’ ಎನ್ನುವುದು ಸಾಮಾನ್ಯವಾಗಿ ಮೊದಲ ಗಡಿಯಾರದ ಮಾತು, ‘ಗ್ರಾಹಕರ ಅನುಭವ’ ಎನ್ನುವುದು ಎರಡನೆಯದರದು. ಎರಡಕ್ಕೂ ನಡುವೆ ಎಷ್ಟು ದೂರವಿರಬಹುದು? ಬೇನ್ ಎಂಬ ಸಲಹಾ ಸಂಸ್ಥೆ 2005ರಲ್ಲಿ 362 ಕಂಪನಿಗಳನ್ನು ವಿಚಾರಿಸಿದಾಗ ಅವುಗಳಲ್ಲಿ ಶೇ. 80ರಷ್ಟು ತಾವು ಗ್ರಾಹಕರಿಗೆ ಅತ್ಯುತ್ತಮ ಅನುಭವ ಕೊಡುತ್ತಿದ್ದೇವೆ ಎಂದವು. ಗ್ರಾಹಕರನ್ನೇ ಕೇಳಿದಾಗ ಅಂಥ ಕಂಪನಿಗಳು ಶೇ. 8 ಮಾತ್ರ. ಇದಕ್ಕೂ ಇಪ್ಪತ್ತು ವರ್ಷ ಮೊದಲು, 1985ರಲ್ಲಿ, ಪರಶುರಾಮನ್, ಝೈತಮಲ್ ಮತ್ತು ಬೆರಿ ಎಂಬ ಮೂವರು ಅಧ್ಯಾಪಕರು ಸೇವೆ ಸೋರಿಹೋಗುವ ಐದು ಬಿರುಕುಗಳನ್ನು ಗುರುತಿಸಿದ್ದರು. ಐದನ್ನೂ ಇಲ್ಲಿ ಬಿಡಿಸುವುದು ಬೇಡ. ಮೊದಲನೆಯದೇ ನಮ್ಮ ತಾಲ್ಲೂಕು ಪೇಟೆಗಳಿಗೆ ಹೆಚ್ಚು ತಾಗುವಂಥದ್ದು: ಗಿರಾಕಿಗೆ ಏನು ಬೇಕು ಎಂಬುದು ತನಗೆ ಗೊತ್ತಿದೆ ಎಂದು ಮಾಲೀಕ ನಂಬಿರುತ್ತಾನೆ, ಅದು ಗೊತ್ತಿರುವುದಿಲ್ಲ.

ನಾವು ಊಹಿಸಿಕೊಂಡ ಬಾಡಿಗೆ ಕೇಂದ್ರ ಇನ್ನೂ ನಾಲ್ಕು ಟ್ರ್ಯಾಕ್ಟರ್ ಕೊಂಡರೆ ಆಯಿತೇ? ಅವು ವರ್ಷದ ಬಹುಪಾಲು ಸುಮ್ಮನೆ ನಿಲ್ಲುತ್ತವೆ, ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಹದವನ್ನೇ ಅಳತೆಗೋಲಾಗಿ ಹಿಡಿದರೆ ಬೇರೆ ದಾರಿಗಳು ಕಾಣುತ್ತವೆ. ಮಳೆಗೆ ಮುಂಚೆಯೇ ಹೆಸರು ಬರೆಸಿಕೊಳ್ಳಬಹುದು. ಬೇಗ ಆರುವ ಕೆಂಪು ಮಣ್ಣಿನ ಹೊಲಗಳಿಗೆ ಮೊದಲು, ತೇವ ಹಿಡಿದಿಡುವ ಎರೆ ಹೊಲಗಳಿಗೆ ಆಮೇಲೆ ಗಾಡಿ ಕಳಿಸಬಹುದು. ಆ ವಾರದ ಮಟ್ಟಿಗೆ ಊರಿನ ಖಾಸಗಿ ಟ್ರ್ಯಾಕ್ಟರುಗಳೊಂದಿಗೆ ಒಪ್ಪಂದ ಮಾಡಿಕೊಳ್ಳಬಹುದು. ಇದಾವುದೂ ಆಗದಿದ್ದರೆ, ಐವತ್ತನೆಯ ಹೆಸರಿನವನಿಗೆ ಮೊದಲ ದಿನವೇ “ನಿಮ್ಮ ಪಾಳಿ ಬರೋದು ಏಳನೇ ದಿನ, ಬೇರೆ ಕಡೆ ನೋಡ್ಕಳ್ರಿ” ಎಂದು ನೇರವಾಗಿ ಹೇಳಬಹುದು. ಒಂದು ಬಾಡಿಗೆ ಕೈತಪ್ಪುತ್ತದೆ, ನಿಜ. ಅವನ ಮುಂಗಾರು ಉಳಿಯುತ್ತದೆ. ಮುಂದಿನ ವರ್ಷ ಅವನು ಮೊದಲು ಬಂದು ಹೆಸರು ಬರೆಸುವುದು ಇಲ್ಲಿಯೇ.

ಇದೇ ಸೀಮೆಯ ಹಾಲಿನ ಡೈರಿಗಳಲ್ಲಿ ಈ ಎರಡು ಗಡಿಯಾರಗಳು ಒಂದು ಮಟ್ಟಿಗೆ ಕೂಡಿಬಂದ ಕಥೆಯಿದೆ. ಅದನ್ನು ಸ್ವಲ್ಪ ನಿಂತು ನೋಡಬೇಕು. ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಹಾಲನ್ನು ನೋಡಿಕೊಳ್ಳುತ್ತಾ ಬಂದಿರುವುದು ಶಿಮುಲ್ ಒಕ್ಕೂಟ. ಹಳ್ಳಿಯಲ್ಲಿ ಸಂಘ, ಜಿಲ್ಲೆಗಳಿಗೆ ಒಕ್ಕೂಟ, ರಾಜ್ಯಕ್ಕೆ ಮಹಾಮಂಡಳ ಎಂಬ ಆನಂದ್ ಮಾದರಿಯ ಏರ್ಪಾಡು. ಬೆಳಿಗ್ಗೆ ಸಂಜೆ ಕ್ಯಾನು ಹಿಡಿದು ಬರುವ ಹೆಣ್ಣುಮಗಳಿಗೆ ಹಾಲಿನ ದರ ಗೊತ್ತಾಗುವುದು ಜಿಡ್ಡು ಮತ್ತು ಜಿಡ್ಡೇತರ ಘನಾಂಶದ ಮೇಲೆ. ಹಿಂದೆ ಜಿಡ್ಡು ನೋಡುತ್ತಿದ್ದದ್ದು ಗರ್ಬರ್ ವಿಧಾನದಲ್ಲಿ: ಪ್ರತಿಯೊಬ್ಬರ ಹಾಲಿನ ಸ್ಯಾಂಪಲ್ ತೆಗೆದಿಟ್ಟು, ಗಾಜಿನ ನಳಿಗೆಯಲ್ಲಿ ಗಂಧಕಾಮ್ಲ ಬೆರೆಸಿ, ಯಂತ್ರದಲ್ಲಿ ಗಿರಗಿರನೆ ತಿರುಗಿಸಿ, ಮೇಲೆ ತೇಲಿದ ಜಿಡ್ಡಿನ ಗೆರೆ ಓದುವುದು. ವಿಧಾನ ಬಲು ನಿಖರ. ಆದರೆ ಫಲಿತಾಂಶ ಬರುವ ಹೊತ್ತಿಗೆ ಹಾಲು ಹಾಕಿದವಳು ಮನೆ ಸೇರಿ ಒಲೆ ಹಚ್ಚಿರುತ್ತಿದ್ದಳು. ಆಮೇಲೆ ಪುಸ್ತಕದಲ್ಲಿ ಕಂಡ ಅಂಕಿಯನ್ನು ಒಪ್ಪುವುದೋ ಬಿಡುವುದೋ ಕಾರ್ಯದರ್ಶಿಯ ಮುಖ ನೋಡಿ ತೀರ್ಮಾನವಾಗುತ್ತಿತ್ತು. “ನಮ್ಮ ಹಾಲಿಗೆ ಡಿಗ್ರಿ ಬರಲ್ಲ, ಅವರ ಮನೆ ಹಾಲಿಗೆ ಹೆಂಗೆ ಬರುತ್ತೆ?” ಎಂಬ ಜಗಳ ಕೇಳದ ಡೈರಿ ಕರ್ನಾಟಕದಲ್ಲಿ ಇರಲಾರದು.

ಈಗ ಅನೇಕ ಸಂಘಗಳಲ್ಲಿ ತೂಕ, ಜಿಡ್ಡು, ದರ ಎಲ್ಲವನ್ನೂ ಕ್ಯಾನು ಬಗ್ಗಿಸಿದ ಕ್ಷಣದಲ್ಲೇ ಪರದೆಯ ಮೇಲೆ ತೋರಿಸುವ ಯಂತ್ರ ಬಂದಿದೆ. ಚೀಟಿಯೂ ಕೈಗೆ ಸಿಗುತ್ತದೆ. ಸ್ವಾರಸ್ಯದ ಸಂಗತಿಯೆಂದರೆ ಈ ಯಂತ್ರ ಗರ್ಬರ್‌ಗಿಂತ ಹೆಚ್ಚು ನಿಖರವೇನೂ ಅಲ್ಲ. ಗರ್ಬರ್ ಫಲಿತಾಂಶಕ್ಕೆ ಹೊಂದಿಸಿಯೇ ಅದನ್ನು ಸರಿಪಡಿಸುವುದು. ಪರೀಕ್ಷೆಯ ಗುಣಮಟ್ಟದಲ್ಲಿ ಏನೂ ಹೆಚ್ಚಾಗದೆ ಪರೀಕ್ಷೆಯ ಮೇಲಿನ ನಂಬಿಕೆ ಹೆಚ್ಚಿತು, ಏಕೆಂದರೆ ಅಂಕಿ ಅವಳ ಕಣ್ಣೆದುರೇ ಹುಟ್ಟಿತು. ಇದರಲ್ಲೊಂದು ಅಪಾಯವೂ ಇದೆ. ಹೊಂದಾಣಿಕೆ ತಪ್ಪಿದ ಯಂತ್ರ ತಪ್ಪು ಅಂಕಿಯನ್ನೂ ಅಷ್ಟೇ ಗತ್ತಿನಿಂದ ತೋರಿಸುತ್ತದೆ, ಪರದೆ ನೋಡಿ ನಂಬಿದವಳು ಕೇಳುವುದನ್ನೂ ಬಿಟ್ಟಿರುತ್ತಾಳೆ. ಅನುಭವಕ್ಕಷ್ಟೇ ಬಣ್ಣ ಬಳಿದು ಒಳಗಿನ ಕೆಲಸ ಸಡಿಲ ಬಿಟ್ಟರೆ ಅದು ಮೋಸಕ್ಕೆ ಹತ್ತಿರದ ದಾರಿ. ಎರಡನ್ನೂ ಕೂಡಿಸುವುದೆಂದರೆ ಪರದೆಯನ್ನು ಗಿರಾಕಿಯ ಕಡೆ ತಿರುಗಿಸುವುದರ ಜೊತೆಗೆ ಯಂತ್ರದ ತಪಾಸಣೆಯನ್ನೂ ಕಾಲಕಾಲಕ್ಕೆ ಅವಳೆದುರೇ ಮಾಡುವುದು.

ಚನ್ನಗಿರಿಯದು ಅಡಿಕೆಯ ಮಾತು. ಇಲ್ಲಿನ ತುಮ್ಕೋಸ್, ಪಕ್ಕದ ಶಿವಮೊಗ್ಗದಲ್ಲಿ 1939ರಲ್ಲಿ ಹುಟ್ಟಿದ ಮ್ಯಾಮ್ಕೋಸ್, ಕರಾವಳಿಯಲ್ಲಿ ಬೆಲೆ ಕುಸಿತದ ಪೆಟ್ಟು ತಿಂದು 1973ರಲ್ಲಿ ಎದ್ದ ಕ್ಯಾಂಪ್ಕೊ: ಬೆಳೆಗಾರರ ಸಹಕಾರ ಸಂಘಗಳ ದೊಡ್ಡ ಪರಂಪರೆಯೇ ಇದೆ. ಇವುಗಳ ಕೆಲಸವನ್ನು ಹೊರಗಿನವರು ತೂಕ ಮತ್ತು ಬೆಲೆಯಿಂದ ಅಳೆಯುತ್ತಾರೆ. ರಾಶಿ ಇಡಿಯೋ ಬೆಟ್ಟೆಯೋ ಗೊರಬಲೋ ಎಂದು ಸರಿಯಾಗಿ ವಿಂಗಡಿಸಿದರೇ, ಟೆಂಡರಿನಲ್ಲಿ ಒಳ್ಳೆಯ ಧಾರಣೆ ಬಂತೇ ಎಂಬಿಷ್ಟೇ ಅವರ ಪ್ರಶ್ನೆ. ಬೆಳೆಗಾರನಿಗೆ ಅದೂ ಬೇಕು, ಆದರೆ ಅವನ ಕ್ಯಾಲೆಂಡರಿನಲ್ಲಿ ಬೇರೆ ದಿನಾಂಕಗಳಿವೆ. ಮಗಳ ಮದುವೆ, ಮಗನ ಕಾಲೇಜಿನ ಫೀಸು, ಕೊನೆ ಕೊಯ್ದು ಸುಲಿದವರ ಬಟವಾಡೆ. ಧಾರಣೆ ಬಿದ್ದಿರುವ ವಾರದಲ್ಲೇ ಇವೆಲ್ಲ ಎದುರಾದರೆ ಅವನು ಖಾಸಗಿ ವ್ಯಾಪಾರಿಯ ನಗದಿಗೆ ಕೈಯೊಡ್ಡುತ್ತಾನೆ. ಚೇಣಿಗೆ ತೋಟ ವಹಿಸಿ ಮುಂಗಡ ತೆಗೆದುಕೊಳ್ಳುವುದರ ಹಿಂದೆಯೂ ಬಹಳ ಸಲ ಇದೇ ತುರ್ತು ಇರುತ್ತದೆ. ಅಡಿಕೆಯನ್ನು ಗೋದಾಮಿನಲ್ಲಿ ಅಡಮಾನ ಇಟ್ಟುಕೊಂಡು ಸಾಲ ಕೊಡುವ ಪದ್ಧತಿಯನ್ನು ಸಹಕಾರ ಸಂಘಗಳು ಬೆಳೆಸಿದ್ದು ಈ ಗಡಿಯಾರವನ್ನು ಅರಿತದ್ದರಿಂದ. ಸದಸ್ಯನಿಗೆ ದುಡ್ಡು ಇವತ್ತು ಸಿಗುತ್ತದೆ, ಅಡಿಕೆ ಧಾರಣೆ ಏರುವವರೆಗೆ ಕಾಯುತ್ತದೆ, ಸಂಘಕ್ಕೆ ಬಡ್ಡಿಯೂ ಸರಕೂ ಎರಡೂ ದಕ್ಕುತ್ತವೆ. ಗ್ರಾಹಕರ ಅನುಭವವನ್ನು ವ್ಯಾಪಾರದ ತಂತ್ರದೊಳಗೆ ಹೊಸೆಯುವುದು ಎಂದು ಮ್ಯಾನೇಜ್ಮೆಂಟ್ ಪಾಠಗಳಲ್ಲಿ ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾನು ಕಂಡಿಲ್ಲ. ಕೌಂಟರಿನಲ್ಲಿ ನಗುಮುಖ ಇದ್ದರೂ ಇಲ್ಲದಿದ್ದರೂ ಇದು ನಡೆಯುತ್ತದೆ.

ನ್ಯಾಮತಿಯ ನೆನಪು ಬೇರೆ ತರಹದ್ದು. 2024ರ ಅಕ್ಟೋಬರಿನಲ್ಲಿ ಅಲ್ಲಿನ ಸ್ಟೇಟ್ ಬ್ಯಾಂಕ್ ಶಾಖೆಯಿಂದ ಗ್ರಾಹಕರು ಅಡವಿಟ್ಟಿದ್ದ ಸುಮಾರು 17 ಕಿಲೋ ಚಿನ್ನ ಕಳವಾಯಿತು. ಪೊಲೀಸರು 2025ರ ಮಾರ್ಚಿನಲ್ಲಿ ತಮಿಳುನಾಡಿನ ಉಸಿಲಂಪಟ್ಟಿ ಕಡೆಯ ಬಾವಿಯೊಂದರಿಂದ ಅದರ ಬಹುಭಾಗವನ್ನು ಮೇಲೆತ್ತಿದರು. ಆ ತಿಂಗಳುಗಳ ಆತಂಕವನ್ನು ಯೋಚಿಸಿ. ಬ್ಯಾಂಕಿನ ಲೆಡ್ಜರಿನಲ್ಲಿ ಅಡವಿನ ಚಿನ್ನವೆಂದರೆ ಗ್ರಾಂ, ಶುದ್ಧತೆ, ಆ ದಿನದ ಬೆಲೆ. ನಷ್ಟ ತುಂಬಿಕೊಡುವುದಾದರೂ ಅದೇ ಲೆಕ್ಕದಲ್ಲಿ. ಅಡವಿಟ್ಟವರ ಲೆಕ್ಕದಲ್ಲಿ ಅದು ತಾಯಿಯ ಅವಲಕ್ಕಿ ಸರ, ತವರಿನವರು ಮಾಡಿಸಿಕೊಟ್ಟ ಬಳೆ. ಹಣದಿಂದ ತುಂಬಿಸಲಾಗದ ಭಾಗವೊಂದು ಅನುಭವದಲ್ಲಿ ಇದೆ ಎಂಬುದನ್ನು ವಿಮಾ ಪಾಲಿಸಿಗಳು ಬರೆಯುವುದಿಲ್ಲ. ಅದನ್ನು ಕಾಯುವುದು ಭದ್ರ ಕೋಣೆಯ ಗೋಡೆ ಮತ್ತು ಎಚ್ಚರಗಂಟೆಯ ಕೆಲಸ, ಅಂದರೆ ಗಿರಾಕಿ ಎಂದೂ ಕಾಣದ ಕೆಲಸ.

ಹೊನ್ನಾಳಿಗೆ ಬಂದರೆ ತುಂಗಭದ್ರೆಯ ದಡದ ಭತ್ತದ ನಾಡು. ಕಂದು ಜಿಗಿಹುಳು ತಗುಲಿದ ತೆಂಡೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದು ರೈತ ಮೊದಲು ಹೋಗುವುದು ಗೊಬ್ಬರ-ಔಷಧಿಯ ಅಂಗಡಿಗೆ. ಕೃಷಿ ಇಲಾಖೆಯ ಸರದಿ ಆಮೇಲೆ. ಅಂಗಡಿಯವನ ಸೇವೆ ಐದು ನಿಮಿಷದಲ್ಲಿ ಮುಗಿಯುತ್ತದೆ: ಬಾಟಲಿ, ರಸೀದಿ, ಉದ್ರಿ ಪುಸ್ತಕದಲ್ಲೊಂದು ಸಾಲು. ರೈತನ ಅನುಭವ ಮುಗಿಯಲು ಹದಿನೈದು ದಿನ ಬೇಕು, ಹುಳು ಸತ್ತಿತೋ ಇಲ್ಲವೋ ಗದ್ದೆಯಲ್ಲಿ ಕಾಣುವವರೆಗೆ. ಎರಡು ಔಷಧಿಗಳ ಜಾಗದಲ್ಲಿ ನಾಲ್ಕನ್ನು ಬೆರೆಸಿ ಕೊಟ್ಟವನ ಗಲ್ಲಾ ಅಂದು ತುಂಬುತ್ತದೆ. ಸುಗ್ಗಿಯಲ್ಲಿ ಉದ್ರಿ ತೀರುವಾಗ ಮಾತ್ರ ನಿಜ ಹೊರಬೀಳುತ್ತದೆ: ಯಾರು ಬಾಕಿ ತೀರಿಸಿ ಮತ್ತೆ ಚೀಟಿ ಬರೆಸಿದರು, ಯಾರು ಬೀದಿ ದಾಟಿ ಎದುರಂಗಡಿಗೆ ಹೋದರು. ನನ್ನ ಮಟ್ಟಿಗೆ, ಮೊಬೈಲಿನಲ್ಲಿ ಬರುವ ಐದು ನಕ್ಷತ್ರಗಳ ಸಮೀಕ್ಷೆಗಿಂತ ಈ ಪುಸ್ತಕವನ್ನು ಓದಲು ಬರುವ ಮಾಲೀಕನೇ ಜಾಣ. ಹೈದರಾಬಾದಿನ ಮ್ಯಾನೇಜ್ ಸಂಸ್ಥೆ 2003ರಲ್ಲಿ ಆರಂಭಿಸಿದ ಒಂದು ವರ್ಷದ ಡಿಪ್ಲೊಮಾ, ಅಂಗಡಿಕಾರರಿಗೆ ಬೆಳೆ, ಕೀಟ, ರೋಗಗಳ ಪಾಠ ಹೇಳುತ್ತದೆ. ಅಂಗಡಿ ಮುಚ್ಚುವ ವಾರದ ರಜೆಯ ದಿನಗಳಲ್ಲೇ ತರಗತಿ ಇಟ್ಟಿದ್ದಾರೆ. ಅಲ್ಲಿ ಅಂಗಡಿಕಾರನೇ ಗಿರಾಕಿ, ಅವನ ಗಡಿಯಾರಕ್ಕೂ ಯಾರೋ ಬೆಲೆ ಕೊಟ್ಟಿದ್ದಾರೆ.

ಗಡಿಯಾರವನ್ನು ಕಾನೂನಿನಲ್ಲೇ ಬರೆದಿಟ್ಟ ಪ್ರಯೋಗವೂ ನಮ್ಮಲ್ಲಿ ನಡೆದಿದೆ. 2011ರ ಕಾಯ್ದೆಯಿಂದ ಹುಟ್ಟಿದ ‘ಸಕಾಲ’ 2012ರ ಏಪ್ರಿಲ್‌ನಿಂದ ರಾಜ್ಯದಾದ್ಯಂತ ಜಾರಿಯಾಯಿತು. ಇಂತಿಂಥ ಪ್ರಮಾಣಪತ್ರಕ್ಕೆ ಇಷ್ಟೇ ದಿನ. ತಪ್ಪಿದರೆ ಅರ್ಜಿದಾರರಿಗೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ. ಕಚೇರಿಗೆ ಅಲೆದಾಡಿದವರಿಗೆ ಗೊತ್ತು ಇದು ಎಷ್ಟು ದೊಡ್ಡ ಮಾತೆಂದು. ಆದರೆ ಎಣಿಸುವುದನ್ನೇ ಗುರಿ ಮಾಡಿದಾಗ ಆಗುವ ಎಡವಟ್ಟನ್ನೂ ಇಲ್ಲೇ ನೋಡಬಹುದು. ಗಡುವಿನೊಳಗೆ ಅರ್ಜಿ ತಿರಸ್ಕರಿಸಿದರೂ ಅದು ವಿಲೇವಾರಿಯೇ. ಒಂದು ಕಾಗದ ಕಡಿಮೆಯಿದೆಯೆಂದು ವಾಪಸು ಬಂದವನು ಮತ್ತೆ ಹೊಸ ಅರ್ಜಿ ಹಾಕಿದರೆ ಗಡಿಯಾರ ಮತ್ತೆ ಸೊನ್ನೆಯಿಂದ ಓಡುತ್ತದೆ. ಅವನು ಮನೆಯಿಂದ ಹೊರಟ ಮೊದಲ ದಿನ ಯಾರ ಲೆಕ್ಕದಲ್ಲೂ ಇಲ್ಲ. ಆ ಬಾಡಿಗೆ ಕೇಂದ್ರದ ಅರವತ್ತಕ್ಕೆ ಅರವತ್ತು ಇಲ್ಲಿ ಬೇರೆ ವೇಷದಲ್ಲಿ ಕಾಣಿಸಿಕೊಂಡಿದೆ.

ಗಿರಾಕಿಯ ಗಡಿಯಾರದ ಸುತ್ತಲೇ ಇಡೀ ವ್ಯಾಪಾರವನ್ನು ಕಟ್ಟಿದ ಕನ್ನಡ ನಾಡಿನ ಹಳೆಯ ನಿದರ್ಶನವೆಂದರೆ ಉಡುಪಿಯ ಪಿಗ್ಮಿ. 1925ರಲ್ಲಿ ಅಲ್ಲಿ ಶುರುವಾದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್, ಅಂದರೆ ಮುಂದಿನ ಸಿಂಡಿಕೇಟ್ ಬ್ಯಾಂಕ್, 1928ರಲ್ಲಿ ಈ ಯೋಜನೆ ತಂದಿತು. ನೇಕಾರನ, ಮೀನು ಮಾರುವವಳ ದುಡ್ಡು ದಿನದಿನವೂ ಬಂದು ದಿನದಿನವೂ ಕರಗುತ್ತದೆ; ಬ್ಯಾಂಕ್ ತೆರೆದಿರುವ ಹೊತ್ತು ಅವರ ದುಡಿಮೆಯ ಹೊತ್ತು. ಹಾಗಾಗಿ ಬ್ಯಾಂಕೇ ಬಾಗಿಲಿಗೆ ಹೋಯಿತು, ದಿನಕ್ಕೆ ಎರಡಾಣೆಯನ್ನೂ ಒಲ್ಲೆನ್ನದೆ ತಂದಿತು. ಬಿಡಿಗಾಸು ಒಟ್ಟುಗೂಡಿಸುವ ಖರ್ಚು ಹೆಚ್ಚೇ. ಆದರೂ ಬೇರೆ ಬ್ಯಾಂಕುಗಳ ಕಣ್ಣಿಗೇ ಬೀಳದ ಜನ ಠೇವಣಿದಾರರಾದರು. ಇವತ್ತು ಹೊನ್ನಾಳಿಯ, ಚನ್ನಗಿರಿಯ ಪೇಟೆಗಳಲ್ಲಿ ಸಂಜೆ ಕೈಯಂತ್ರ ಹಿಡಿದು ಅಂಗಡಿಯಿಂದ ಅಂಗಡಿಗೆ ಹೋಗುವ ಸಹಕಾರಿಯ ಹುಡುಗರು ನಡೆಯುತ್ತಿರುವುದು ಅದೇ ದಾರಿಯಲ್ಲಿ.

ಪಿಗ್ಮಿಯ ಕಥೆಯಲ್ಲಿ ಹೊಗಳುವವರು ಬಿಟ್ಟುಬಿಡುವ ಒಂದು ಅಧ್ಯಾಯವಿದೆ. ಠೇವಣಿದಾರರ ಪಾಲಿಗೆ ಬ್ಯಾಂಕೆಂದರೆ ಮನೆಗೆ ಬರುವ ಆ ಮನುಷ್ಯನೇ ಆಗಿದ್ದ. ಬ್ಯಾಂಕಿನ ಪಾಲಿಗೆ ಅವನು ಕಮಿಷನ್ ಏಜೆಂಟ್, ನೌಕರನಲ್ಲ. ವ್ಯಾಜ್ಯ ವರ್ಷಗಟ್ಟಲೆ ನಡೆದು, 2001ರಲ್ಲಿ ಸುಪ್ರೀಂ ಕೋರ್ಟ್ ಠೇವಣಿ ಸಂಗ್ರಾಹಕರು ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ಕಾರ್ಮಿಕರೇ ಎಂದು ಹೇಳಿತು. ಕೈಗಾರಿಕಾ ನ್ಯಾಯಮಂಡಳಿ ಅವರಿಗೆ ಕೊಟ್ಟಿದ್ದ ಕನಿಷ್ಠ ಸಂಪಾದನೆಯ ಭರವಸೆ, ಗ್ರಾಚ್ಯುಟಿ ಉಳಿದವು. ಗಿರಾಕಿಯ ಗಡಿಯಾರಕ್ಕೆ ತಕ್ಕಂತೆ ಓಡಬೇಕಾದವನು ಸಂಜೆ ಎಂಟಕ್ಕೂ ಓಡುತ್ತಾನೆ, ಮಳೆಯಲ್ಲೂ ಓಡುತ್ತಾನೆ. ಪೇಟೆ ಬಂದ್ ಆದ ದಿನ, ಜ್ವರ ಬಂದು ಮಲಗಿದ ದಿನ ಅವನ ಸಂಪಾದನೆ ಎಷ್ಟು ಎಂದು ಸಹಕಾರಿಯ ವಾರ್ಷಿಕ ಸಭೆಯಲ್ಲಿ ಯಾರಾದರೂ ಸದಸ್ಯರು ಎದ್ದು ಕೇಳಬಹುದು. ಉತ್ತರ ವರದಿಯ ಯಾವ ಪುಟದಲ್ಲಿದೆ ಎಂದೂ ಕೇಳಬಹುದು.